ಫ್ಯಾನಿನಿಂದ ಬಿದ್ದ ಹನಿ

ನಮ್ಮ ತಾರಸಿ ಸೋರುವುದು ನಮಗಿಂತ ಮೊದಲು ಗೊತ್ತಾದದ್ದು ಬೆಡ್‌ರೂಮಿನ ಫ್ಯಾನಿಗೆ. ಅದರ ಬಟ್ಟಲಿನಿಂದ ಟಪ್ ಅಂತ ಒಂದು ಹನಿ ನೇರ ನನ್ನ ದಿಂಬಿಗೆ ಬಿತ್ತು. ಮೇನ್ ಸ್ವಿಚ್ ಆರಿಸಿ, ಕೆಳಗೆ ಬಕೆಟ್ ಇಟ್ಟು, ರಾತ್ರಿಯಿಡೀ ಅದರ ತಾಳ ಕೇಳಿದೆವು.

ಮನೆ ಸೋರುವವನಿಗೆ ಸಲಹೆಗೇನೂ ಬರ ಇರುವುದಿಲ್ಲ. ಭಾವ ತಗಡಿನ ಶೀಟು ಹಾಕಿಸಿಬಿಡು ಅಂದರು. ಪಕ್ಕದ ಮನೆಯವರು ಪೇಂಟು ಬಳಿಸಿ ಅಂದರು. ಹೋದ ವರ್ಷವೇ ಬಳಿಸಿದ್ದೆ ಕಣ್ರೀ! ಬಳಿದವನು ಹತ್ತು ವರ್ಷ ಗ್ಯಾರಂಟಿ ಕೊಟ್ಟಿದ್ದ. ಅವನ ಫೋನ್ ನಂಬರು ಹತ್ತು ತಿಂಗಳೂ ಬಾಳಲಿಲ್ಲ. ಒದ್ದೆ ಕಾಂಕ್ರೀಟಿನ ಮೇಲೆ ಬಳಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಮೇಲಕ್ಕೆ ಒತ್ತುತ್ತದೆ. ಪೇಂಟು ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು.

ಅಜ್ಜಿಯದು ಚಿತ್ರದುರ್ಗದ ಕಡೆಯ ಮಣ್ಣಿನ ಮಾಳಿಗೆ. ಮರದ ತೊಲೆ, ಜಂತೆ, ಮೇಲೆ ದಪ್ಪಗೆ ಮಣ್ಣು. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಚೌಳು ಮಣ್ಣು ತಂದು ಹರಡುತ್ತಿದ್ದರು. ಬೆಳೆಗೆ ಬಾರದ ಮಣ್ಣು ಮಾಳಿಗೆಗೆ ಬರುತ್ತಿತ್ತು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ತಾಕಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಅಜ್ಜಿಗೆ ಸೋಡಿಯಂ ಎಲ್ಲ ಗೊತ್ತಿರಲಿಲ್ಲ, ಮಣ್ಣು ಗೊತ್ತಿತ್ತು. ಹಾಗಂತ ಆ ಮಾಳಿಗೆ ಸೋರುತ್ತಲೇ ಇರಲಿಲ್ಲ ಅಂತಲ್ಲ. ಆದರೆ ಹನಿ ಎಲ್ಲಿ ಬಿತ್ತೋ ತೂತು ಹೆಚ್ಚುಕಮ್ಮಿ ಅದರ ನೆತ್ತಿಯ ಮೇಲೆಯೇ ಇರುತ್ತಿತ್ತು. ಮಳೆ ನಿಂತ ಮೇಲೆ ಹತ್ತಿ, ಒಂದು ಬುಟ್ಟಿ ಮಣ್ಣು ಸುರಿದು, ಕಾಲಲ್ಲಿ ತುಳಿದರೆ ಆಯಿತು.

ಕಾಂಕ್ರೀಟಿನದು ಬೇರೆ ಬುದ್ಧಿ. ನಮ್ಮ ಮೇಸ್ತ್ರಿ ಬಂದವರು ಫ್ಯಾನಿನ ಕಡೆ ತಲೆಯೆತ್ತಲೂ ಇಲ್ಲ. ತಾರಸಿಗೆ ಹೋಗಿ, ನೀರು ಹರಿಯುವ ಬಾಯಿಗೆ ಗೋಣಿಚೀಲ ತುರುಕಿದರು. ಗದ್ದೆಗೆ ಬದು ಹಾಕಿದ ಹಾಗೆ ಗಾರೆಯ ಕಟ್ಟೆ ಹಾಕಿ ತಾರಸಿಯನ್ನು ಮೂರು ಪಾಲು ಮಾಡಿದರು. ಒಂದೊಂದು ಪಾಲಿಗೂ 2 ಇಂಚು ನೀರು ನಿಲ್ಲಿಸಿ ದಿನಗಟ್ಟಲೆ ಕಾಯುವುದು. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ಪ್ಯಾರಾಪೆಟ್ ಪಕ್ಕದ ಮೂರನೆಯ ಪಾಲಿಗೆ ನೀರು ನಿಂತ ಸಂಜೆಯೇ ಟಪ್!

ಕಳ್ಳ ಸಿಕ್ಕಿದ್ದು ಫ್ಯಾನಿನಿಂದ 12 ಅಡಿ ದೂರದಲ್ಲಿ. ಹಳೆಯ ಡಿಶ್ ಆ್ಯಂಟೆನಾ ಕೂತಿದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು. ನೀರು ಅಲ್ಲಿ ಇಳಿದು, ಸ್ಲ್ಯಾಬಿನೊಳಗಿನ ವೈರಿಂಗ್ ಪೈಪು ಹಿಡಿದು, ಫ್ಯಾನಿನ ಹತ್ತಿರ ಹೊರಬಿದ್ದಿತ್ತು. ಹತ್ತಿದ್ದೊಂದು ಸ್ಟಾಪು, ಇಳಿದದ್ದೊಂದು ಸ್ಟಾಪು.

ಮೇಸ್ತ್ರಿ ತಾರಸಿ ಒಣಗಲು ಬಿಟ್ಟು, ತೂತುಗಳನ್ನು ಉಳಿಯಲ್ಲಿ ಅಗಲ ಮಾಡಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದರು. ಪ್ಯಾರಾಪೆಟ್ ಬುಡದ ಮೂಲೆಯನ್ನೂ ಗಾರೆಯಲ್ಲಿ ದುಂಡಗೆ ತೀಡಿದರು. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಮೊದಲು ಬಿರುಕು ಬಿಡುವುದು ಆ ಚೂಪು ಮೂಲೆಯೇ ಅಂತೆ. ಉಬ್ಬಿದ ಪೇಂಟು ಕೆರೆದು ಹಾಕುವಾಗ ಅವರು ಕೇಳಿದರು, "ಡಿಶ್ ಬಿಚ್ಚಿದ್ದು ಯಾರು ಸಾರ್? ಪುಣ್ಯಾತ್ಮ, ತೂತು ಹಾಗೇ ಬಿಟ್ಟು ಹೋಗಿದ್ದಾನಲ್ಲ."

ನನ್ನ ಹೆಂಡತಿ ನನ್ನನ್ನೇ ನೋಡಿದಳು. ಸ್ಪ್ಯಾನರ್ ಇನ್ನೂ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.