ಕಳ್ಳರ ಮೇಲ್ ಯಾವುದು, ನಿಮ್ಮದು ಯಾವುದು ಹೇಳಿ ಸ್ವಾಮಿ

"ಮಾನ್ಯ ಗ್ರಾಹಕರೇ, ನಿಮ್ಮ ಖಾತೆಯ ವಿವರಗಳು ಅಪೂರ್ಣವಾಗಿವೆ. ಕೆಳಗಿನ ಲಿಂಕ್ ಕ್ಲಿಕ್ ಮಾಡಿ ಕೂಡಲೇ ದೃಢೀಕರಿಸಿ. ತಪ್ಪಿದಲ್ಲಿ ಸೇವೆ ಸ್ಥಗಿತಗೊಳ್ಳಬಹುದು." ಬ್ಯಾಂಕಿನ ಹೆಸರಿನಲ್ಲಿ ನನಗೆ ಬಂದ ಮೇಲ್ ಇದು. ಅದರ ಕೆಳಗೆ ಕಿತ್ತಳೆ ಬಣ್ಣದ ದಪ್ಪ ಗುಂಡಿ. ಗುಂಡಿಯ ಮೇಲೆ ಮೌಸ್ ಇಟ್ಟು ನೋಡಿದರೆ ಬ್ಯಾಂಕಿನ ಜಾಲತಾಣದ ಸುಳಿವೇ ಇಲ್ಲ, ಹೆಸರೇ ಕೇಳಿರದ ಯಾವುದೋ ಡೊಮೇನ್, ಅಂದರೆ ಜಾಲವಿಳಾಸದ ಹೆಸರು. ವಂಚನೆ ಎಂದು ಅನುಮಾನಿಸಲು ಇನ್ನೇನು ಬೇಕು? ಡಿಲೀಟ್ ಮಾಡಿದೆ. ಆಮೇಲೆ ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದರೆ, "ಅದು ನಮ್ಮದೇ ಮೇಲ್, ನೀವು ಧೈರ್ಯವಾಗಿ ಕ್ಲಿಕ್ ಮಾಡಬಹುದು" ಎಂದರು. ಮೇಲ್ ಕಳುಹಿಸುವ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದ್ದಾರಂತೆ. ಅದಕ್ಕೇ ಡೊಮೇನ್ ಬೇರೆಯಂತೆ.

ಇದೇ ಮಹಾನುಭಾವರು ಸ್ವಲ್ಪ ದಿನದ ಹಿಂದೆ "ಅಪರಿಚಿತ ಲಿಂಕ್‌ಗಳನ್ನು ಕ್ಲಿಕ್ ಮಾಡಬೇಡಿ, ಜಾಗರೂಕರಾಗಿರಿ" ಎಂದು ಉಪದೇಶ ಕಳುಹಿಸಿದ್ದರು. ಆ ಉಪದೇಶದ ಕೊನೆಯಲ್ಲೂ ಒಂದು ಲಿಂಕ್ ಇತ್ತು, "ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ" ಎಂದು! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಕಳ್ಳರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕದಿಯುವುದು ಅವರ ಕಸುಬು. ಸಿಟ್ಟು ಇರುವುದು, ಕಳ್ಳರ ಹಾಗೆಯೇ ಮೇಲ್ ಬರೆದು ಜನರಿಗೆ ಕ್ಲಿಕ್ ಮಾಡುವ ಚಾಳಿ ಕಲಿಸಿ, ಮೋಸವಾದ ದಿನ "ಗ್ರಾಹಕರ ನಿರ್ಲಕ್ಷ್ಯ" ಎಂದು ಷರಾ ಬರೆದು ಕೈತೊಳೆದುಕೊಳ್ಳುವವರ ಮೇಲೆ.

ಮೋಸ ಹೋದವರನ್ನು ದಡ್ಡರೆಂದು ನಗುವವರೂ ಕಡಿಮೆಯಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷರಾಗಿದ್ದ ಜಾನ್ ಪೊಡೆಸ್ಟಾ ಅವರಿಗೆ ಗೂಗಲ್ ಹೆಸರಿನಲ್ಲಿ ನಕಲಿ ಎಚ್ಚರಿಕೆಯ ಮೇಲ್ ಬಂತು. ಅವರ ಕಡೆಯವರು ಸುಮ್ಮನೆ ಒತ್ತಲಿಲ್ಲ, ತಾಂತ್ರಿಕ ಸಿಬ್ಬಂದಿಯನ್ನು ಕೇಳಿಯೇ ಮುಂದುವರಿದರು. ಅಸಲಿ ಎಂದೇ ಉತ್ತರ ಬಂದಿತ್ತು! ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳೇ 2013ರಿಂದ 2015ರವರೆಗೆ ಲಿಥುವೇನಿಯಾದ ವ್ಯಕ್ತಿಯೊಬ್ಬನ ಜಾಲ ಕಳುಹಿಸಿದ ಸುಳ್ಳು ಬಿಲ್ಲುಗಳನ್ನು ನಂಬಿ 10 ಕೋಟಿ ಡಾಲರಿಗೂ ಹೆಚ್ಚು ಹಣ ಕಳೆದುಕೊಂಡವು. ಇಂಟರ್ನೆಟ್ಟನ್ನೇ ಆಳುವವರ ಕಥೆ ಹೀಗಿರುವಾಗ, ಕೆಲಸದ ಗಡಿಬಿಡಿಯಲ್ಲಿ ಮೊಬೈಲಿನ ಪುಟ್ಟ ಪರದೆಯಲ್ಲಿ ಮೇಲ್ ಓದುವವರಿಗೆ ಬುದ್ಧಿ ಹೇಳಲು ಬರುತ್ತಾರೆ.

ಅಷ್ಟಕ್ಕೂ ಮೇಲ್ ವ್ಯವಸ್ಥೆಯ ಬುಡವೇ ಸಡಿಲ. ಅಂಚೆಯನ್ನು ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದು. ಕಳುಹಿಸಿದವನು ನಿಜವಾಗಿ ಯಾರು ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲೇ ಇಲ್ಲ. 'ಇವರಿಂದ' ಎಂಬ ಜಾಗದಲ್ಲಿ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ಮೊಬೈಲಿನ ಹಲವು ಮೇಲ್ ಆ್ಯಪ್‌ಗಳು ಆ ಹೆಸರನ್ನಷ್ಟೇ ತೋರಿಸಿ ಹಿಂದಿನ ವಿಳಾಸವನ್ನು ಮರೆಮಾಡುತ್ತವೆ. ಇದಕ್ಕೆ ಮದ್ದು ಬಂದು ವರ್ಷಗಳೇ ಕಳೆದಿವೆ. 2012ರಲ್ಲಿ ಪ್ರಕಟವಾದ ಡಿಮಾರ್ಕ್ ವ್ಯವಸ್ಥೆಯಲ್ಲಿ ಸಂಸ್ಥೆಯೊಂದು "ನನ್ನ ಡೊಮೇನ್ ಹೆಸರಿನಲ್ಲಿ ಬಂದು ಅಸಲಿತನದ ಪರೀಕ್ಷೆಯಲ್ಲಿ ಸೋತ ಮೇಲನ್ನು ತಿರಸ್ಕರಿಸಿ" ಎಂದು ಜಗತ್ತಿಗೆ ಸಾರಬಹುದು. ಆದರೆ ಎಷ್ಟೋ ಸಂಸ್ಥೆಗಳು ಅದನ್ನು "ಏನೂ ಮಾಡಬೇಡಿ, ವರದಿ ಮಾತ್ರ ಕೊಡಿ" ಎಂಬ ಸ್ಥಿತಿಯಲ್ಲೇ ಇಟ್ಟು ಮರೆತುಬಿಡುತ್ತವೆ. ಬದಲಿಗೆ ಪೋಸ್ಟರ್ ಅಂಟಿಸುತ್ತವೆ: ಕಾಗುಣಿತ ತಪ್ಪಿದ್ದರೆ ಅನುಮಾನಿಸಿ, ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಚಿಹ್ನೆ ಇದ್ದರೆ ನಂಬಿ.

ಕಾಗುಣಿತವಂತೆ! ಈಗಿನ ಕಳ್ಳರು ಬ್ಯಾಂಕಿನವರಿಗಿಂತ ಶುದ್ಧವಾಗಿ ಬರೆಯುತ್ತಾರೆ. ಇನ್ನು ಬೀಗ. ಸಂಪರ್ಕವನ್ನು ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂಬುದಷ್ಟೇ ಅದರ ಅರ್ಥ, ಆ ತುದಿಯಲ್ಲಿ ಕೂತವನು ಸಾಚಾ ಎಂದಲ್ಲ. ಆ ಬೀಗ ಮೂಡಿಸುವ ಪ್ರಮಾಣಪತ್ರ ಕಳ್ಳನಿಗೂ ಪುಕ್ಕಟೆ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್‌ನ ಬ್ರೌಸರ್ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನು ತೆಗೆದುಹಾಕಿತು. ಪೋಸ್ಟರ್ ಮಾತ್ರ ಗೋಡೆಯ ಮೇಲೆ ಹಾಗೆಯೇ ಇದೆ.

ನೋಡಬೇಕಾದದ್ದು ವಿಳಾಸವನ್ನು, ಅದೂ ಬಲದಿಂದ ಎಡಕ್ಕೆ. https:// ಆದ ಮೇಲಿನ ಮೊದಲ ಓರೆಗೆರೆಗಿಂತ (/) ಹಿಂದೆ, .com, .in ಮುಂತಾದ ಬಾಲಕ್ಕೆ ಅಂಟಿಕೊಂಡು ಕೊನೆಗೆ ಬರುವ ಹೆಸರೇ ಮನೆಯ ಯಜಮಾನನದು. ಎಡಗಡೆ ಬ್ಯಾಂಕಿನ ಹೆಸರು, ಭದ್ರತೆ, ಲಾಗಿನ್ ಎಂದೆಲ್ಲ ಎಷ್ಟು ಬೇಕಾದರೂ ಪೋಣಿಸಬಹುದು. ಇಂಗ್ಲಿಷಿನ ಎಂ ಇರಬೇಕಾದಲ್ಲಿ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಿದರೆ ಕನ್ನಡಕ ಹಾಕಿದರೂ ವ್ಯತ್ಯಾಸ ಕಾಣುವುದಿಲ್ಲ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಿಕೊಡುವ ತಂತ್ರಾಂಶ, ಪಾಸ್‌ವರ್ಡ್ ಮ್ಯಾನೇಜರ್ ಮಾತ್ರ ಈ ಆಟಕ್ಕೆ ಬಗ್ಗುವುದಿಲ್ಲ. ಡೊಮೇನ್ ಒಂದಕ್ಷರ ಬದಲಾದರೂ ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ. ಅದು ಸುಮ್ಮನೆ ಕೂತಾಗ ಬಯ್ದು ಕೈಯಿಂದ ಟೈಪ್ ಮಾಡಬೇಡಿ, ಏಕೆ ಸುಮ್ಮನಿದೆ ಎಂದು ಮೊದಲು ನೋಡಿ. ನಾನಂತೂ ಈಗ ಅಸಲಿಯೋ ನಕಲಿಯೋ ಎಂಬ ಪತ್ತೇದಾರಿಕೆಯನ್ನೇ ಬಿಟ್ಟಿದ್ದೇನೆ. ಮೇಲ್‌ನಲ್ಲಿ ಬಂದ ಲಿಂಕ್‌ನಿಂದ ಯಾವ ಖಾತೆಗೂ ಲಾಗಿನ್ ಆಗುವುದಿಲ್ಲ. ವಿಳಾಸವನ್ನು ನಾನೇ ಟೈಪ್ ಮಾಡಿ ಹೋಗುತ್ತೇನೆ, ಫೋನ್ ಮಾಡಬೇಕೆಂದರೆ ಕಾರ್ಡಿನ ಹಿಂದೆ ಅಚ್ಚಾದ ಸಂಖ್ಯೆಗೆ ಮಾಡುತ್ತೇನೆ.

ವಿವರ ಕೊಟ್ಟೇಬಿಟ್ಟಿದ್ದರೆ? ನಾಚಿಕೊಂಡು ಕೂರುವಷ್ಟು ಸಮಯವಿಲ್ಲ. ಬ್ಯಾಂಕಿನ ವಿವರವಾದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಖಾತೆ, ಕಾರ್ಡು ತಡೆಹಿಡಿಸಿ. ಪಾಸ್‌ವರ್ಡ್ ಬದಲಿಸಿ, ಅದೇ ಪಾಸ್‌ವರ್ಡ್ ಇನ್ನೆಲ್ಲಿ ಇದೆಯೋ ಅಲ್ಲೂ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಆಗಿ. ಒಟಿಪಿ ಇದೆಯೆಂಬ ಧೈರ್ಯ ಬೇಡ: ನೀವು ನಕಲಿ ಪುಟದಲ್ಲಿ ಬರೆದ ಒಟಿಪಿಯನ್ನು ಅದೇ ಕ್ಷಣ ಅಸಲಿ ಪುಟಕ್ಕೆ ದಾಟಿಸುವ ತಂತ್ರ ಕಳ್ಳರ ಬಳಿ ಇದೆ. ಬಹಳ ಜನ ಮರೆಯುವ ಇನ್ನೊಂದು ಜಾಗ, ಮೇಲ್‌ನ ಫಾರ್ವರ್ಡ್ ಸೆಟ್ಟಿಂಗ್. ಒಳಗೆ ಬಂದ ಕಳ್ಳ ನಿಮ್ಮ ಅಂಚೆಯೆಲ್ಲ ತನಗೂ ಹೋಗುವಂತೆ ಅಲ್ಲೊಂದು ನಿಯಮ ಬರೆದಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಅಳಿಯುವುದಿಲ್ಲ.

ಇಷ್ಟೆಲ್ಲ ನಾವು ಮಾಡೋಣ. ಬ್ಯಾಂಕು, ಕಂಪನಿಗಳವರು ಮಾಡಬೇಕಾದದ್ದು ಇಷ್ಟೇ: ಲಾಗಿನ್ ಲಿಂಕ್ ಇಲ್ಲದ ಮೇಲ್, ತಮ್ಮದೇ ಡೊಮೇನ್‌ನಿಂದ ಬರುವ ಮೇಲ್, ಮನುಷ್ಯರು ಫೋನ್ ಎತ್ತುವ ದೂರು ವಿಭಾಗ. ಖಾತೆ ಕಳವಾಗಿದೆ ಎಂದು ನನ್ನ ಗೆಳೆಯರೊಬ್ಬರು ದೂರು ಕೊಡಲು ಹೋದರೆ ತೆರೆದ ಪುಟದಲ್ಲಿ ಇದ್ದದ್ದು ಒಂದೇ ಸಾಲು: "ದೂರು ದಾಖಲಿಸಲು ದಯವಿಟ್ಟು ಲಾಗಿನ್ ಆಗಿ."