ಬಡತನದ ಜೆರಾಕ್ಸ್, ಮೂರು ಪ್ರತಿ

ಬಡ ವಿದ್ಯಾರ್ಥಿಗೆ ಎರಡೂವರೆ ಸಾವಿರ ರೂಪಾಯಿ ಕೊಡುವುದು ಹುಡುಗಾಟವಲ್ಲ. ಜೇಬಿನಿಂದ ತೆಗೆದು ಕೊಟ್ಟುಬಿಟ್ಟರೆ ಅದು ಬರೀ ಸಹಾಯ. ವಿದ್ಯಾರ್ಥಿವೇತನ ಅನ್ನಿಸಿಕೊಳ್ಳಬೇಕಾದರೆ ಅದಕ್ಕೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೊಂದು ಸಮಾರಂಭ, ಸಮಾರಂಭಕ್ಕೊಬ್ಬ ಶಾಸಕ ಬೇಕು. ಹೊಸದಾಗಿ ಟ್ರಸ್ಟ್ ಕಟ್ಟಿ ಪುಣ್ಯಕ್ಕೂ ತೆರಿಗೆ ವಿನಾಯಿತಿಯ ರಸೀದಿಗೂ ಒಟ್ಟಿಗೇ ಕೈಹಾಕಿದವರಿಗೆ ಅನುಕೂಲವಾಗಲೆಂದು, ಈ ಕಸುಬಿನಲ್ಲಿ ಪಳಗಿದವರ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಮೊದಲು ಅರ್ಹತೆ. ಕರಪತ್ರದಲ್ಲಿ ‘ಬಡ ಪ್ರತಿಭಾವಂತ’ ಎಂದು ಅಚ್ಚು ಹಾಕಿಸಿ, ಕೆಳಗೆ ಶೇ. 85 ಅಂಕದ ಗೆರೆ ಎಳೆಯಿರಿ. ವಾರವಿಡೀ ಕಾಲೇಜು, ಶನಿವಾರ ಭಾನುವಾರ ಕಲ್ಯಾಣ ಮಂಟಪದಲ್ಲಿ ಕೇಟರಿಂಗ್‌ನವರ ಜತೆ ಬಡಿಸುವ ಕೆಲಸ ಮಾಡುವ ಹುಡುಗನಿಗೆ 71 ಬಂದಿರುತ್ತದೆ. ಅವನು ಬಡವ ಹೌದು, ಪ್ರತಿಭಾವಂತನಲ್ಲ. ಟ್ಯೂಷನ್‌ಗೆ ಹೋಗಿ 93 ತೆಗೆದವನು ಪ್ರತಿಭಾವಂತ. ಅವನು ಬಡವನಾಗುವುದು ನಾಡಕಚೇರಿಯ ಕೈಯಲ್ಲಿದೆ.

ನಾಡಕಚೇರಿಯ ಆದಾಯ ಪ್ರಮಾಣಪತ್ರ 5 ವರ್ಷ ಮಾನ್ಯ. ಸರ್ಕಾರ ನಂಬಿತೆಂದು ನೀವು ನಂಬಬಾರದು. ಆರು ತಿಂಗಳೊಳಗಿನದೇ ಬೇಕು ಎನ್ನಬೇಕು. ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ಅದು ಅಸಲಿಯೋ ನಕಲಿಯೋ ಆನ್‌ಲೈನ್‌ನಲ್ಲೇ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರನ್ನು ಸಲಹಾ ಸಮಿತಿಗೆ ಹಾಕಿ ಬಾಯಿ ಮುಚ್ಚಿಸಿ. ಇದರ ಜತೆಗೆ ವ್ಯಾಸಂಗ ಪ್ರಮಾಣಪತ್ರ, ಅಂಕಪಟ್ಟಿ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಆ ವರ್ಷದ ಶುಲ್ಕದ ರಸೀದಿ. ಎಲ್ಲದರದ್ದೂ ಮೂರು ಮೂರು ಜೆರಾಕ್ಸ್, ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ. ಶುಲ್ಕದ ರಸೀದಿಯನ್ನು ಮಾತ್ರ ಮರೆಯಬೇಡಿ. ಶುಲ್ಕ ಕಟ್ಟಲು ಗತಿಯಿಲ್ಲದವರಿಗೆ ಕೊಡುವ ನೆರವಿದು; ಶುಲ್ಕ ಕಟ್ಟಿದ್ದಕ್ಕೆ ಪುರಾವೆ ಇಲ್ಲದಿದ್ದರೆ ಹೇಗೆ?

ಇನ್ನು ಮುಹೂರ್ತ. ಕಾಲೇಜಿನ ಕೌಂಟರ್ ಜುಲೈನಲ್ಲಿ ದುಡ್ಡು ಕೇಳುತ್ತದೆ. ದಾನಿಗಳ ಹೃದಯ ಮಿಡಿಯುವುದು ನವೆಂಬರಿನಲ್ಲಿ, ರಾಜ್ಯೋತ್ಸವದ ಹೊತ್ತಿಗೆ. ಶಾಸಕರ ಡೇಟು ಸಿಗುವುದು ಜನವರಿಗೆ. ಅಷ್ಟರಲ್ಲಿ ಒಬ್ಬ ಹುಡುಗಿಯ ಅಪ್ಪ ಹದಿನೈದು ಸಾವಿರವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದಾನೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 450, ಆರು ತಿಂಗಳಿಗೆ 2,700. ವೇದಿಕೆಯ ಮೇಲೆ ಸಿಕ್ಕಿದ್ದು 2,500. ಅಂದರೆ ಇಡೀ ಸಂಸ್ಥೆ ಸೇರಿ ಊರಿನ ಬಡ್ಡಿ ಸಾಹುಕಾರನಿಗೆ ವಿದ್ಯಾರ್ಥಿವೇತನ ಕೊಟ್ಟಹಾಗಾಯಿತು, ಇನ್ನೂರು ಬಾಕಿ ಬೇರೆ. ಅದೇ ದುಡ್ಡನ್ನು ಜೂನ್ ಕೊನೆಗೆ ನೇರ ಕಾಲೇಜಿನ ಖಾತೆಗೆ ಕಟ್ಟಿದ್ದರೆ ಸಾಲವೇ ಅಷ್ಟು ಕಡಿಮೆಯಾಗುತ್ತಿತ್ತು, ನಿಜ. ಆದರೆ ಜೂನಿನ ಮಳೆಗೆ ಶಾಮಿಯಾನ ನಿಲ್ಲುವುದಿಲ್ಲ.

ಹಳೆಯ ಕಾಲೇಜುಗಳ ದತ್ತಿ ನಿಧಿಯ ಸೊಗಸೇ ಬೇರೆ. 1990ರ ಸುಮಾರಿಗೆ ಯಾರೋ ಪುಣ್ಯಾತ್ಮರು ತಂದೆಯ ಹೆಸರಿನಲ್ಲಿ ಹತ್ತು ಸಾವಿರ ಇಟ್ಟಿರುತ್ತಾರೆ. ಆಗ ಬ್ಯಾಂಕಿನ ಬಡ್ಡಿ ಶೇ. 10ರ ಆಸುಪಾಸು, ವರ್ಷಕ್ಕೆ ಸಾವಿರ ಬರುತ್ತಿತ್ತು, ಸಾವಿರಕ್ಕೆ ಬೆಲೆಯೂ ಇತ್ತು. ಈಗ ಶೇ. 6.5 ಎಂದರೂ 650. ಬಂದ ಬಡ್ಡಿಯನ್ನೆಲ್ಲ ಹಂಚಿ, ಅಸಲಿಗೆ ಬಿಡಿಗಾಸು ಸೇರಿಸದಿದ್ದರೆ ಆಗುವುದೇ ಹೀಗೆ. ಬಡ್ಡಿಯಲ್ಲಿ ಒಂದು ಪಾಲು ಅಸಲಿಗೆ ಮರಳಲಿ ಎಂಬ ಷರತ್ತು ದತ್ತಿಪತ್ರದಲ್ಲಿ ಇರುವುದಿಲ್ಲ. ಅಂತಿಮ ಬಿ.ಎ., ಐಚ್ಛಿಕ ಸಂಸ್ಕೃತ, ಇಂಥದೇ ಹೋಬಳಿಯವರು ಎಂಬ ಷರತ್ತು ಇರುತ್ತದೆ. ಐಚ್ಛಿಕ ಸಂಸ್ಕೃತಕ್ಕೆ ಕಾಲೇಜು ಬೀಗ ಹಾಕಿ ಎಷ್ಟೋ ವರ್ಷವಾದರೂ ಸೂಚನಾ ಫಲಕ ಮಾತ್ರ ಪ್ರತಿವರ್ಷ ತಪ್ಪದೆ ಅರ್ಜಿ ಕರೆಯುತ್ತದೆ.

ಸಮಾರಂಭಕ್ಕೆ ಬೇಕಾದ ಸಾಮಗ್ರಿ: ಹದಿನೈದು ಗಣ್ಯರಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ದಾನಿಗಳ ಮುಖ ವಿದ್ಯಾರ್ಥಿಯಷ್ಟೆತ್ತರ ಕಾಣುವ ಫ್ಲೆಕ್ಸು. ನಾಲ್ಕಡಿ ಉದ್ದದ ಥರ್ಮಾಕೋಲ್ ಚೆಕ್ಕು ಒಂದೇ ಸಾಕು, ಫೋಟೊ ತೆಗೆದು ಇನ್ನೊಬ್ಬರ ಕೈಗೆ ದಾಟಿಸಬಹುದು. ಟ್ರಸ್ಟಿನ ಆದಾಯದಲ್ಲಿ ಶೇ. 85 ಧರ್ಮಕಾರ್ಯಕ್ಕೆ ಬಳಕೆಯಾಗಬೇಕೆಂದು ತೆರಿಗೆ ಕಾನೂನು ಹೇಳುತ್ತದೆ. ಹೋಳಿಗೆ ಊಟವೂ ಧರ್ಮವೇ. ಬಡಿಸಲು ಬಂದವರಲ್ಲಿ ಆ 71 ಅಂಕದ ಹುಡುಗನೂ ಇದ್ದಾನು.

ಪೋಷಕರು ಬರುವುದು ಕಡ್ಡಾಯ. 2025–26ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು, ಅಷ್ಟು ಅಮ್ಮನಿಗೆ ಖೋತಾ. ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ, ಆ ಮಟ್ಟಿಗೆ ನಮ್ಮ ಪುಣ್ಯ. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಎಂದಿರುತ್ತದೆ. ಮಕ್ಕಳನ್ನು ಕೂರಿಸುವುದು ಹತ್ತಕ್ಕೆ ಸರಿಯಾಗಿ.

ಆಮೇಲೆ ಅಸಲಿ ಚೆಕ್ಕು. ಅದರ ಆಯಸ್ಸು ಮೂರೇ ತಿಂಗಳು. 2012ರ ಏಪ್ರಿಲ್‌ಗೆ ಮೊದಲು ಆರು ಇತ್ತು. ನವೆಂಬರ್ 1ರ ತಾರೀಕು ಹಾಕಿ ಸಹಿ ಮಾಡಿಸಿಟ್ಟು ಜನವರಿ ಕೊನೆಗೆ ಹಂಚಿದರೆ, ಹುಡುಗಿ ಬ್ಯಾಂಕಿಗೆ ಹೋಗುವಷ್ಟರಲ್ಲಿ ಅದು ಸ್ಮರಣಿಕೆಯಾಗಿರುತ್ತದೆ. ಅಂಕಪಟ್ಟಿಯಲ್ಲಿದ್ದಂತೆ ‘ಸವಿತಾ ಕೆ.’ ಎಂದು ಬರೆಯಿರಿ. ಖಾತೆ ಆಧಾರ್‌ನಂತೆ ‘ಸವಿತಾ ಕೆಂಚಪ್ಪ’ ಎಂದಿದ್ದರೆ ಬ್ಯಾಂಕು ಕೊಕ್ಕೆ ಹಾಕುತ್ತದೆ. ಎನ್‌ಇಎಫ್‌ಟಿ ಮಾಡುವ ಆಧುನಿಕರು ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡನ್ನೇ ನಂಬಬೇಕು. ವಿಜಯಾ ಬ್ಯಾಂಕು ಬರೋಡಾದೊಳಗೆ, ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್ನಿನೊಳಗೆ ಹೋಗಿ ವರ್ಷಗಳಾದವು. ಹಣ ಹೋದ ದಾರಿಯಲ್ಲೇ ಮನೆಗೆ ಬರುತ್ತದೆ.

ಕಸುಬು ಕೆಡಿಸುವವರೂ ಇದ್ದಾರೆ. ಹತ್ತನೇ ತರಗತಿ, ಪಿಯು ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಮುಗಿಸಿ ಮುಂದೆ ಓದಲು ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿಯನ್ನು ಅವರವರ ಖಾತೆಗೇ ಹಾಕುತ್ತದೆ. ಓದಿದ ಶಾಲೆಯೇ ಮನೆಯ ಸ್ಥಿತಿ ಹೇಳುತ್ತದೆಂಬ ಲೆಕ್ಕ ಅವರದು. ಎಲ್ಲರೂ ಹೀಗೇ ಶುರುಮಾಡಿದರೆ ಪೇಟ ಕಟ್ಟುವವರ ಗತಿಯೇನು, ಕಟ್ಟಿಸಿಕೊಳ್ಳುವವರ ಗತಿಯೇನು?

ವಾಪಸ್ ಬಂದ ಹಣ, ಅವಧಿ ಮೀರಿದ ಚೆಕ್ಕು, ವಾರಸುದಾರರಿಲ್ಲದ ದತ್ತಿ ಎಲ್ಲ ಸೇರಿ ಮಾರ್ಚಿಗೆ ಒಂದಷ್ಟು ಉಳಿಯುತ್ತದೆ. ಅದಕ್ಕೆ ಠರಾವಿನ ನಮೂನೆ ಇಲ್ಲಿದೆ: ‘ಅರ್ಹ ಬಡ ವಿದ್ಯಾರ್ಥಿಗಳು ಮುಂದೆ ಬಾರದ ಕಾರಣ, ಸದರಿ ಮೊತ್ತವನ್ನು ಮುಂದಿನ ಸಾಲಿನ ಸಮಾರಂಭದ ವೆಚ್ಚಕ್ಕೆ ವರ್ಗಾಯಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಸೂಚಕರು, ಅನುಮೋದಕರ ಸಹಿಯನ್ನು ಊಟದ ದಿನವೇ ಹಾಕಿಸಿಟ್ಟುಕೊಳ್ಳಿ. ಆಮೇಲೆ ಅವರು ಸಿಗುವುದಿಲ್ಲ.