ರೋ ನಂದು, ಕಾಲಂ ನಂದು, ಉತ್ತರ ಯಾರದ್ದು?

ಎಕ್ಸೆಲ್ ಶೀಟಿನಲ್ಲಿ ‘ಎನ್ಎ’, ಅಂದರೆ ‘ಹುಡುಕಿದ್ದು ಸಿಗಲಿಲ್ಲ’ ಅಂತ ಬಂದರೆ ಜನ ಬೈಯುತ್ತಾರೆ. ತಪ್ಪು ಉತ್ತರ ಬಂದರೆ ಥ್ಯಾಂಕ್ಸ್ ಹೇಳುತ್ತಾರೆ. ಆಫೀಸಿನ ಶಿಫ್ಟ್ ರೋಸ್ಟರ್ ನನ್ನ ಕೊರಳಿಗೆ ಬಿದ್ದ ಮೇಲೆ ನಾನು ಕಂಡುಕೊಂಡ ಸತ್ಯ ಇದು.

ರೋಸ್ಟರ್ ಅಂದರೆ ಮಹಾ ವಿದ್ಯೆ ಏನಲ್ಲ. ಎಡಗಡೆ ಉದ್ದಕ್ಕೆ ಹೆಸರುಗಳು, ಮೇಲುಗಡೆ ಅಡ್ಡಕ್ಕೆ ವಾರದ ದಿನಗಳು. ಹೆಸರಿನ ರೋ ಹಿಡಿದು ಹೋಗಬೇಕು, ದಿನದ ಕಾಲಂ ಹಿಡಿದು ಇಳಿಯಬೇಕು, ಎರಡೂ ಸೇರುವ ಮನೆಯಲ್ಲಿ ಶಿಫ್ಟ್ ಇರುತ್ತದೆ. ಬೆರಳಿಟ್ಟು ನೋಡಿದರೆ ಯಾರಿಗಾದರೂ ಸಿಗುತ್ತದೆ. ಅದನ್ನೇ ಫಾರ್ಮುಲಾಗೆ ಹೇಳಿಕೊಡಲು ಹೋದರೆ ಮಾತ್ರ ಕಥೆ ಶುರು.

ನನಗಿಂತ ಮುಂಚೆ ಇದ್ದವರು ಈ ಶೀಟಿಗೆ ವಿಲುಕಪ್ ಅನ್ನುವ, ಕೋಷ್ಟಕದಲ್ಲಿ ಹುಡುಕಿಕೊಡುವ ಫಾರ್ಮುಲಾ ಹಾಕಿದ್ದರು. ಅದಕ್ಕೆ ನಾಲ್ಕು ವಿಷಯ ಹೇಳಬೇಕು. ಯಾರನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಷ್ಟನೇ ಕಾಲಂ, ಪಕ್ಕಾ ಅದೇ ಬೇಕೋ ಅಂದಾಜು ಸಾಕೋ. ನಾಲ್ಕನೆಯದನ್ನು ಬರೆಯದೆ ಬಿಟ್ಟರೆ ‘ಓ, ಅಂದಾಜು ಸಾಕು’ ಅಂತ ಅದೇ ತೀರ್ಮಾನ ಮಾಡುತ್ತದೆ. ಅಂಕಕ್ಕೆ ಗ್ರೇಡ್ ಕೊಡುವಾಗ ಇದು ಒಳ್ಳೆಯದೇ. 73 ಬಂದವರಿಗೆ 70ರ ಸಾಲು ಸಾಕು. ಆದರೆ ಮನುಷ್ಯರನ್ನೇ ಅಂದಾಜಿನಲ್ಲಿ ಹುಡುಕಿದರೆ?

ಹೊಸಬರೊಬ್ಬರು ಕೆಲಸಕ್ಕೆ ಸೇರಿದರು. ಅವರ ಹೆಸರು ಕೋಷ್ಟಕಕ್ಕೆ ಇನ್ನೂ ಏರಿರಲಿಲ್ಲ. ವಿಲುಕಪ್ ‘ಈ ಹೆಸರಿನವರು ಇಲ್ಲ’ ಅನ್ನಬಹುದಿತ್ತು. ಅನ್ನಲಿಲ್ಲ. ಅಕ್ಷರದ ಸಾಲಿನಲ್ಲಿ ಅವರಿಗಿಂತ ಸ್ವಲ್ಪ ಮೇಲೆ ಯಾರಿದ್ದಾರೆ ನೋಡಿ, ಅವರ ಶಿಫ್ಟನ್ನೇ ಇವರಿಗೂ ಕೊಟ್ಟಿತು. ಆ ಮೇಲಿನವರದ್ದು ನೈಟ್ ಶಿಫ್ಟ್. ಹೊಸ ಕೆಲಸ ಅಲ್ವಾ, ಪಾಪ, ಪ್ರಶ್ನೆ ಕೇಳದೆ ರಾತ್ರಿ ಬಂದು ಕೂತರು. ಒಬ್ಬರ ಕುರ್ಚಿಗೆ ಇಬ್ಬರಾದರು. ಇಬ್ಬರಿಗೂ ಒಳ್ಳೆಯ ಸ್ನೇಹವೂ ಆಯಿತು. ನಮ್ಮ ಮ್ಯಾನೇಜರ್ ಮಾತ್ರ ಶೀಟ್ ನೋಡಿ, “ಎಷ್ಟು ನೀಟಾಗಿದೆ ನೋಡಿ, ಒಂದೂ ಎರರ್ ಇಲ್ಲ” ಅಂತ ಖುಷಿಪಟ್ಟರು.

ನಾನು ಎಲ್ಲ ಫಾರ್ಮುಲಾಗಳ ಕೊನೆಗೆ ಒಂದು ಸೊನ್ನೆ ಸೇರಿಸಿದೆ. ಸೊನ್ನೆ ಅಂದರೆ ಪಕ್ಕಾ ಅದೇ ಬೇಕು ಅಂತ. ಅಷ್ಟೇ. ಅರ್ಧ ಶೀಟು ಎನ್ಎ ಆಯಿತು.

“ಚೆನ್ನಾಗಿತ್ತಲ್ರೀ, ನೀವು ಮುಟ್ಟಿದ ಮೇಲೆ ಕೆಟ್ಟೋಯ್ತು.”

“ಸರ್, ಅದು ಮೊದಲೇ ಕೆಟ್ಟಿತ್ತು. ಈಗ ಬಾಯಿಬಿಟ್ಟು ಹೇಳ್ತಿದೆ.”

“ಮೊದಲು ಸುಮ್ನೆ ಇತ್ತಲ್ಲ, ಹಾಗೇ ಇರಲಿ ಬಿಡಿ.”

ಹುಡುಕಿದರೆ, ಹೆಸರುಗಳ ಹಿಂದೆ ಸ್ಪೇಸ್. ಯಾರೋ ಹೆಸರು ಟೈಪ್ ಮಾಡಿ, ಅಭ್ಯಾಸಬಲದಿಂದ ಸ್ಪೇಸ್ ಒತ್ತಿ ಮುಂದೆ ಹೋಗಿದ್ದಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ ಹೆಸರು. ಎಕ್ಸೆಲ್‌ಗೆ ಅವರು ಬೇರೆ, ಇವರು ಬೇರೆ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಹೇಗೆ ಬೇಕಾದರೂ ಇರಲಿ, ಹುಡುಕುವಾಗ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಕಾಣದ ಸ್ಪೇಸಿಗೆ ಮಾತ್ರ ಜಗಳಕ್ಕೆ ನಿಲ್ಲುತ್ತದೆ! ಹೆಚ್ಚುವರಿ ಸ್ಪೇಸ್ ಕಿತ್ತುಹಾಕುವ ಟ್ರಿಮ್ ಫಾರ್ಮುಲಾ ಹಾಕಿದೆ. ಬಹಳಷ್ಟು ಸರಿಹೋಯಿತು. ವೆಬ್ ಪುಟದಿಂದ ಕಾಪಿ ಮಾಡಿ ತಂದ ಹೆಸರುಗಳು ಮಾತ್ರ ಜಗ್ಗಲಿಲ್ಲ. ಅಲ್ಲಿ ಬರುವ ಸ್ಪೇಸಿನ ಜಾತಿಯೇ ಬೇರೆ, ಅದರ ಕೋಡ್ 160. ಟ್ರಿಮ್‌ಗೆ ಗೊತ್ತಿರುವುದು 32ನೇ ಕೋಡಿನ ಸ್ಪೇಸ್ ಮಾತ್ರ.

ಅಷ್ಟರಲ್ಲಿ ಯಾರೋ ಉಪಕಾರ ಮಾಡುವ ಉತ್ಸಾಹದಲ್ಲಿ ಹೆಸರಿನ ಪಕ್ಕ ಫೋನ್ ನಂಬರಿನ ಕಾಲಂ ಸೇರಿಸಿದರು. ವಿಲುಕಪ್‌ಗೆ ನಾವು ‘ಸೋಮವಾರ’ ಅಂತ ಹೇಳಿರುವುದಿಲ್ಲ, ‘ಎರಡನೇ ಕಾಲಂ’ ಅಂತ ಹೇಳಿರುತ್ತೇವೆ. ಮಧ್ಯೆ ಯಾರು ಬಂದು ಕೂತರೂ ಅದು ಎರಡನ್ನೇ ಎಣಿಸುತ್ತದೆ. ಹಾಗಾಗಿ ಮಂಗಳವಾರಕ್ಕೆ ಸೋಮವಾರದ ಶಿಫ್ಟ್ ಬಂತು, ಬುಧವಾರಕ್ಕೆ ಮಂಗಳವಾರದ್ದು. ಸೋಮವಾರ ಎಲ್ಲರ ಶಿಫ್ಟೂ ಅವರವರ ಮೊಬೈಲ್ ನಂಬರ್.

ಇದಕ್ಕೆ ಮದ್ದು ಇಂಡೆಕ್ಸ್ ಮತ್ತು ಮ್ಯಾಚ್ ಅನ್ನುವ ಫಾರ್ಮುಲಾಗಳು, ಒಂದು ಇಂಡೆಕ್ಸ್‌ಗೆ ಎರಡು ಮ್ಯಾಚ್. ಒಂದು ಮ್ಯಾಚ್ ಹೆಸರು ಯಾವ ರೋನಲ್ಲಿದೆ ಅಂತ ಹೇಳುತ್ತದೆ, ಇನ್ನೊಂದು ದಿನ ಯಾವ ಕಾಲಂನಲ್ಲಿದೆ ಅಂತ ಹೇಳುತ್ತದೆ, ಇಂಡೆಕ್ಸ್ ಆ ಮನೆಯ ಬಾಗಿಲು ತೆಗೆಯುತ್ತದೆ. ಕಾಲಂ ಎಲ್ಲಿಗೆ ಓಡಿಹೋದರೂ ಹುಡುಕಿಕೊಂಡು ಹೋಗುತ್ತದೆ. ಹಾಂ, ಮ್ಯಾಚ್‌ಗೂ ಕೊನೆಗೆ ಸೊನ್ನೆ ಕೊಡಬೇಕು. ಇಲ್ಲದಿದ್ದರೆ ಅದೂ ಅಂದಾಜಿನ ಕುಲವೇ. 2019ರಲ್ಲಿ ಪ್ರಕಟವಾದ ಎಕ್ಸ್‌ಲುಕಪ್ ಅನ್ನುವ ಫಾರ್ಮುಲಾ ಕೇಳದೆಯೇ ಪಕ್ಕಾ ಹುಡುಕುತ್ತದೆ. ಆದರೆ ಮ್ಯಾನೇಜರ್ ಕಂಪ್ಯೂಟರಿನಲ್ಲಿರುವುದು 2016ರ ಎಕ್ಸೆಲ್. ಅದಕ್ಕೆ ಆ ಹೆಸರೇ ಗೊತ್ತಿಲ್ಲ.

ಕೊನೆಗೆ ಎನ್ಎ ಉಳಿದದ್ದು ಬೆರಳೆಣಿಕೆಯ ಕಡೆ. ಅದನ್ನೂ ನೋಡಲಾಗದೆ ಮ್ಯಾನೇಜರ್ ತಾವೇ ಇಫ್‌ಎರರ್ ಕಲಿತುಕೊಂಡು ಬಂದರು. ಎರರ್ ಬಂದ ಕಡೆ ನಮಗೆ ಬೇಕಾದ ಪದ ತೋರಿಸುವ ಫಾರ್ಮುಲಾ ಅದು. ಅವರು ಹಾಕಿದ ಪದ ‘ವಾರದ ರಜೆ’.

ಈಗ ಶೀಟಿನಲ್ಲಿ ಒಂದೂ ಎರರ್ ಇಲ್ಲ. ಹೆಸರಿನ ಹಿಂದೆ 160ನೇ ನಂಬರಿನ ಸ್ಪೇಸ್ ಇರುವವರಿಗೆ ವಾರವಿಡೀ ರಜೆ. ಸುದ್ದಿ ಹೇಗೆ ಹಬ್ಬಿತೋ ಗೊತ್ತಿಲ್ಲ. ಮುಂದಿನ ತಿಂಗಳ ರೋಸ್ಟರಿಗೆ, “ನಿಮಗ್ಯಾಕೆ ತೊಂದರೆ, ನನ್ನ ಹೆಸರು ನಾನೇ ಪೇಸ್ಟ್ ಮಾಡಿಕೊಡ್ತೀನಿ” ಅನ್ನುವವರು ಜಾಸ್ತಿಯಾಗಿದ್ದಾರೆ.